ಬಾತ್‌ರೂಮ್ ಹತ್ರ ಮೀನಿನ ವಾಸನೆ: ಮನೆ ವೈರಿಂಗ್‌ಗೆ ಕನೆಕ್ಟರ್ ಆರಿಸುವ ಬಗೆ

ಮೈಸೂರಿನ ಸರಸ್ವತಿಪುರಂನಿಂದ ಒಬ್ಬರು ರಿಟೈರ್ಡ್ ಟೀಚರ್ ಫೋನ್ ಮಾಡಿದ್ದರು. ಗೀಸರ್ ಸ್ವಿಚ್ಚಿನ ದೀಪ ಮಿಣುಕುತ್ತಿದೆ ಅನ್ನುವುದು ದೂರು. ಫೋನ್ ಇಡುವ ಮುಂಚೆ ಸುಮ್ನೆ ಹೇಳಿದ ಹಾಗೆ ಇನ್ನೊಂದು ಮಾತು ಸೇರಿಸಿದರು. "ನೋಡಪ್ಪ, ನಾಲ್ಕು ದಿನದಿಂದ ಬೆಳಿಗ್ಗೆ ಹೊತ್ತು ಬಾತ್‌ರೂಮ್ ಹತ್ರ ಮೀನಿನ ವಾಸನೆ ಬೇರೆ. ನಮ್ಮನೇಲಿ ಮೊಟ್ಟೆನೂ ತರಲ್ಲ. ಮೇಲಿನ ಮನೆಯವರನ್ನ ಕೇಳಿದೆ, ಅವರು ಬೇಜಾರು ಮಾಡ್ಕೊಂಡ್ರು."

"ಮಿಸ್, ಗೀಸರ್ ಎಂಸಿಬಿ ಈಗಲೇ ಇಳಿಸಿಬಿಡಿ. ನಾಳೆ ಬೆಳಿಗ್ಗೆ ನಾನು ಬರೋ ತನಕ ಹಾಕಬೇಡಿ" ಅಂದೆ. ಎಂಸಿಬಿ ಅಂದರೆ ಕರೆಂಟ್ ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್.

ನನ್ನ ಮನೆ ಮಂಡ್ಯದಲ್ಲಿ, ಗುತ್ತಲು ರಸ್ತೆ ಕಡೆ. ವೈರಿಂಗ್ ಕೆಲಸ ಅರ್ಧ ಇಲ್ಲಿ, ಅರ್ಧ ಮೈಸೂರಿನಲ್ಲಿ. ಬೆಳಗಿನ ರೈಲು ಹತ್ತಿ, ಅಕ್ಕನ ಮಗನನ್ನೂ ಜೊತೆಗೆ ಕರೆದುಕೊಂಡು ಹೋದೆ. ಅವನು ಐಟಿಐ ಮುಗಿಸಿ ನನ್ನ ಹತ್ರ ಕೆಲಸ ಕಲಿಯುತ್ತಿದ್ದಾನೆ. ಮೈನ್ ಇಳಿಸಿ, ಗೀಸರ್ ಸಾಕೆಟ್ಟಿನ ಪ್ಲೇಟ್ ಬಿಚ್ಚಿದೆವು. ಹಿಂದುಗಡೆ ಒಂದು ಸ್ಟ್ರಿಪ್ ಕನೆಕ್ಟರ್, ಅಂದರೆ ಎರಡು ವೈರನ್ನು ಸ್ಕ್ರೂನಿಂದ ಸೇರಿಸುವ ಪ್ಲಾಸ್ಟಿಕ್ ತುಂಡು, ಕರಗಿ ಬೆಲ್ಲದ ಪಾಕದ ಹಾಗೆ ಇಳಿದು ಗಟ್ಟಿಯಾಗಿತ್ತು. ಅದರ ಬಿಸಿಗೆ ಸಾಕೆಟ್ಟಿನ ಬೆನ್ನೂ ಕಂದಿತ್ತು. ಆ ಬಿಳಿ ಯೂರಿಯಾ ಪ್ಲಾಸ್ಟಿಕ್ ಜಾಸ್ತಿ ಕಾದರೆ ಥೇಟ್ ಮೀನಿನ ಹಾಗೇ ನಾರುತ್ತದೆ. ನಿಮ್ಮ ಮನೆಯಲ್ಲೂ ಕಾರಣ ಗೊತ್ತಾಗದ ಮೀನಿನ ವಾಸನೆ ಬಂದರೆ ಮೊದಲು ಸ್ವಿಚ್ ಬೋರ್ಡ್ ಮೂಸಿ ನೋಡಿ. ಪಕ್ಕದ ಮನೆಯವರನ್ನು ಆಮೇಲೆ ಕೇಳಬಹುದು.

ಆ ಜಾಯಿಂಟ್ ಹಾಕಿದ್ದು ನಾನೇ. 11 ವರ್ಷದ ಹಿಂದೆ. ಗೋಡೆಯಿಂದ ಬಂದ ವೈರು ಅರ್ಧ ಅಡಿ ಸಾಲದೆ ಬಂದಿತ್ತು. ಬ್ಯಾಗಿನಲ್ಲಿ ಇದ್ದ ಕನೆಕ್ಟರ್‌ನಿಂದ ಎರಡು ಪೀಸ್ ಕತ್ತರಿಸಿ ಹಾಕಿ, ಟೇಪ್ ಸುತ್ತಿ ಒಳಗೆ ತಳ್ಳಿದ್ದೆ. ಅಳಿಯ ಅದನ್ನು ನೋಡಿ "ಯಾವನ್ ಮಾವ ಇದನ್ನ ಮಾಡಿರೋನು?" ಅಂದ. ಹೇಳಿದೆ.

ಎಂಸಿಬಿ ಯಾಕೆ ಬೀಳಲಿಲ್ಲ

ಮಿಸ್ ಕೇಳಿದ ಮೊದಲ ಪ್ರಶ್ನೆ ಇದೇ. ಎಲ್ಲರೂ ಕೇಳುವುದೂ ಇದನ್ನೇ.

ಎಂಸಿಬಿ ನೋಡುವುದು ಎಷ್ಟು ಕರೆಂಟ್ ಹರಿಯುತ್ತಿದೆ ಅನ್ನುವುದನ್ನು ಮಾತ್ರ. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು 8.7 ಆಂಪಿಯರ್ ಅಷ್ಟೆ. ಜಾಯಿಂಟ್ ಲೂಸ್ ಆದರೆ ಕರೆಂಟ್ ಜಾಸ್ತಿ ಆಗುವುದಿಲ್ಲ, ಒಂದು ಚೂರು ಕಮ್ಮಿಯೇ ಆಗುತ್ತದೆ. ಎಂಸಿಬಿ ಪಾಲಿಗೆ ಎಲ್ಲಾ ಸರಿಯಾಗಿದೆ. ಆರ್‌ಸಿಸಿಬಿ ನೋಡುವುದು ಕರೆಂಟ್ ದಾರಿ ತಪ್ಪಿ ಅರ್ಥ್‌ಗೆ ಸೋರುತ್ತಿದೆಯಾ ಅಂತ. ಇಲ್ಲಿ ಸೋರಿಕೆಯೂ ಇಲ್ಲ. ಆದರೆ ಆ ಲೂಸ್ ಜಾಗದಲ್ಲಿ ಒಂದು ಓಮಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಮ್ಮಿ, 0.3 ಓಮ್ ರೆಸಿಸ್ಟೆನ್ಸ್ ಬಂದಿದೆ ಅಂದುಕೊಳ್ಳಿ. 8.7ನ್ನು 8.7ರಿಂದ ಗುಣಿಸಿ, ಅದನ್ನು 0.3ರಿಂದ ಗುಣಿಸಿ. ಹತ್ರ ಹತ್ರ 23 ವಾಟ್ ಬಂತು. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಕಾವಿ 25 ವಾಟಿನದು. ಅಂದರೆ ಗೀಸರ್ ಓಡುವಷ್ಟು ಹೊತ್ತೂ ಗೋಡೆಯೊಳಗೆ ಒಂದು ಕಾವಿ ಹಚ್ಚಿಟ್ಟ ಹಾಗೆ. ಕಾದಷ್ಟೂ ತಾಮ್ರ ಕಪ್ಪಾಗುತ್ತದೆ, ಸ್ಕ್ರೂ ಸಡಿಲ ಆಗುತ್ತದೆ, ಇನ್ನೂ ಕಾಯುತ್ತದೆ.

ಸಾವಿರಾರು ರೂಪಾಯಿ ಕೊಟ್ಟು ಒಳ್ಳೆಯ ವೈರು, ಒಳ್ಳೆಯ ಎಂಸಿಬಿ ತರುತ್ತಾರೆ. ಕನೆಕ್ಟರ್ ಮಾತ್ರ ಅಂಗಡಿಯವನು ಕವರ್‌ಗೆ ಕೊನೆಯಲ್ಲಿ ಎಸೆಯುವ ಸಾಮಾನು. ಹಾಗಾಗಿ ಆ ತಪ್ಪು ನನ್ನಿಂದಲೇ ಆಯಿತು.

ಜಾಯಿಂಟೇ ಬೇಡ ಅನ್ನುವ ಜಾಗಗಳು

ಮೊದಲು ಕೇಳಿಕೊಳ್ಳಬೇಕಾದದ್ದು ಇಲ್ಲಿ ಜಾಯಿಂಟ್ ಬೇಕಾ ಅಂತ. ಗೀಸರ್, ಎಸಿ, ಇಂಡಕ್ಷನ್ ಒಲೆ, ವಾಷಿಂಗ್ ಮೆಷಿನ್, ಇವಕ್ಕೆಲ್ಲ ಡಿಬಿಯಿಂದ (ಎಂಸಿಬಿಗಳಿರುವ ಪೆಟ್ಟಿಗೆ) ಸಾಕೆಟ್ ತನಕ ಒಂದೇ ಉದ್ದದ ವೈರು ಎಳೆಯಿರಿ. ಸಾಲದೆ ಬಂದರೆ ಹಳೆಯದನ್ನು ಎಳೆದು ಹೊಸದು ಹಾಕಿ. ಮಿಸ್ ಮನೆಯಲ್ಲಿ ಈ ಸಲ ಅದನ್ನೇ ಮಾಡಿದೆ. ಹಳೆ ವೈರಿನ ತುದಿಗೆ ಹೊಸದನ್ನು ಕಟ್ಟಿ ಪೈಪಿನಲ್ಲಿ ಎಳೆಯಲು ಮುಕ್ಕಾಲು ಗಂಟೆ ಹಿಡಿಯಿತು. ಅವತ್ತೇ ಮಾಡಿದ್ದರೆ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಲೈಟು ಫ್ಯಾನಿನ ಲೈನಿನಲ್ಲಿ ಲೂಪಿಂಗ್ ಮಾಡಿದರೆ ಮುಕ್ಕಾಲು ಪಾಲು ಜಾಯಿಂಟ್ ತಪ್ಪುತ್ತದೆ. ಅಂದರೆ ಫೇಸನ್ನು ಒಂದು ಸ್ವಿಚ್ಚಿನಿಂದ ಇನ್ನೊಂದು ಸ್ವಿಚ್ಚಿಗೆ, ನ್ಯೂಟ್ರಲ್‌ನ್ನು ಒಂದು ಪಾಯಿಂಟಿನಿಂದ ಇನ್ನೊಂದು ಪಾಯಿಂಟಿಗೆ ಹಾಯಿಸಿಕೊಂಡು ಹೋಗುವುದು. ನಡುವೆ ವೈರು ಕತ್ತರಿಸಿ ಟೇಪ್ ಸುತ್ತುವ ಕೆಲಸ ಇಲ್ಲ.

ಇನ್ನು ಪ್ಲಾಸ್ಟರ್ ಒಳಗೆ, ಪೈಪಿನೊಳಗೆ ಜಾಯಿಂಟ್ ಮಾಡಿ ಮುಚ್ಚಬೇಡಿ. ಎಂಥಾ ಕನೆಕ್ಟರ್ ಆದರೂ ಬಾಕ್ಸಿನಲ್ಲಿರಬೇಕು, ಆ ಬಾಕ್ಸಿನ ಮುಚ್ಚಳ ನಾಳೆ ಬಿಚ್ಚಲು ಕೈಗೆ ಸಿಗಬೇಕು. ಮುಚ್ಚಳದ ಮೇಲೆ ಪುಟ್ಟಿ ಹೊಡೆದು ಪೇಂಟ್ ಮಾಡಿಸಿ "ಈಗ ನೀಟಾಗಿದೆ" ಅನ್ನುವವರು ಬಹಳ ಜನ. ಆ ಬಾಕ್ಸ್ ಹುಡುಕಲು ನಾವು ಗೋಡೆಗೆ ಕಿವಿ ಕೊಟ್ಟು ತಟ್ಟಿ ನೋಡಬೇಕು.

ಅಂಗಡಿಗೆ ಹೋಗುವ ಮುಂಚೆ

ಕನೆಕ್ಟರ್ ಕೊಡಿ ಅಂತ ಕೇಳಿದರೆ ಅಂಗಡಿಯವನು ಯಾವುದೋ ಒಂದು ಕೊಡುತ್ತಾನೆ. ನಿಮಗೆ ಗೊತ್ತಿರಬೇಕಾದದ್ದು ವೈರು ಎಷ್ಟರದು, ಎಳೆ ಎಷ್ಟು, ತಾಮ್ರವೋ ಅಲ್ಯೂಮಿನಿಯಮೋ.

ನಮ್ಮ ಮಾತಿನಲ್ಲಿ ಒಂದೂವರೆ, ಎರಡೂವರೆ, ನಾಲ್ಕು ಅಂದರೆ ಸ್ಕ್ವೇರ್ ಎಂಎಂ. ಲೈಟು ಫ್ಯಾನಿಗೆ ಒಂದೂವರೆ, 16 ಆಂಪಿಯರ್ ಸಾಕೆಟ್ಟಿಗೆ ಎರಡೂವರೆ, ಎಸಿಗೆ ನಾಲ್ಕು ಹಾಕುವುದು ರೂಢಿ. ವೈರಿನ ಮೈಮೇಲೇ ಅಚ್ಚು ಹಾಕಿರುತ್ತಾರೆ, ಐಎಸ್ 694 ಅನ್ನುವ ಗುರುತಿನ ಜೊತೆಗೆ. ಅಚ್ಚು ಅಳಿಸಿದ್ದರೆ ಎಳೆ ಎಣಿಸಿ. ಈಗಿನ ಫ್ಲೆಕ್ಸಿಬಲ್ ತಾಮ್ರದ ವೈರಿನಲ್ಲಿ ಸಾಮಾನ್ಯವಾಗಿ 0.3 ಮಿಲಿಮೀಟರ್ ದಪ್ಪದ ಎಳೆಗಳು. ಒಂದೂವರೆಗೆ 22 ಎಳೆ, ಎರಡೂವರೆಗೆ 36, ನಾಲ್ಕಕ್ಕೆ 56. ಹಳೆ ಮನೆಗಳಲ್ಲಿ ದಪ್ಪನೆಯ ಮೂರೋ ಏಳೋ ಎಳೆ ಇರುತ್ತದೆ, ಒಂದೇ ಗಟ್ಟಿ ಕಂಬಿ ಇರುವುದೂ ಉಂಟು.

ಎಳೆಯ ಲೆಕ್ಕ ಯಾಕೆ ಮುಖ್ಯ ಅಂದರೆ, ಗಟ್ಟಿ ಕಂಬಿಗೆ ಮಾಡಿದ ಕನೆಕ್ಟರ್ ಸಣ್ಣ ಎಳೆಗೆ ಆಗುವುದಿಲ್ಲ. ಸುಮ್ನೆ ಒಳಗೆ ಚುಚ್ಚುವ ಪುಶ್ ಮಾದರಿ ಕನೆಕ್ಟರ್‌ಗಳು ಬಹುಪಾಲು ಗಟ್ಟಿ ಕಂಬಿಗೆ ಮಾಡಿದವು. ನಮ್ಮ ಸಣ್ಣ ಎಳೆಯ ವೈರು ಅದರಲ್ಲಿ ಮಡಚಿಕೊಂಡು ಹೊರಗೆ ಬರುತ್ತದೆ. ಟೋಪಿ ತರಹ ತಿರುಚುವ ಕನೆಕ್ಟರ್ ವಿಡಿಯೋಗಳಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮ ವೈರಿಗೆ ನಾನು ಅದನ್ನು ಹಾಕುವುದಿಲ್ಲ.

ಸ್ಟ್ರಿಪ್ ಕನೆಕ್ಟರ್

ಹನ್ನೆರಡು ಪೀಸಿನ ಬಿಳಿ ಪಟ್ಟಿ, ಎಲ್ಲಾ ಹಾರ್ಡ್‌ವೇರ್ ಅಂಗಡಿಯಲ್ಲೂ ನೇತಾಡುತ್ತಿರುತ್ತದೆ. ಕೆಟ್ಟ ಸಾಮಾನೇನಲ್ಲ. ಕೆಟ್ಟದ್ದು ಜಾಸ್ತಿ ಸಿಗುತ್ತದೆ, ಅಷ್ಟೆ.

ನಾನು ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಂಡು ಹೋಗುತ್ತೇನೆ. ಹಳೆ ಸ್ಪೀಕರಿನಿಂದ ಕಿತ್ತಿದ್ದು. ಪಟ್ಟಿಯಿಂದ ಒಂದು ಪೀಸ್ ಕತ್ತರಿಸಿ, ಎರಡೂ ಸ್ಕ್ರೂ ಬಿಚ್ಚಿ, ಒಳಗಿನ ಲೋಹದ ಕೊಳವೆಯನ್ನು ಟೆಸ್ಟರ್ ತುದಿಯಿಂದ ಹೊರಗೆ ತಳ್ಳಿ. ಸ್ಕ್ರೂಗಳು ಕಬ್ಬಿಣದ್ದಾಗಿರಬಹುದು, ಅದನ್ನು ಬದಿಗಿಡಿ. ಕೊಳವೆಗೆ ಅಯಸ್ಕಾಂತ ಹಿಡಿಯಿರಿ. ಹಿತ್ತಾಳೆ ಅಂಟುವುದಿಲ್ಲ. ಅಂಟಿತು ಅಂದರೆ ಅದು ಕಬ್ಬಿಣಕ್ಕೆ ಹಳದಿ ಬಣ್ಣದ ಲೇಪ. ಪಟ್ಟಿ ವಾಪಸ್ ಕೊಟ್ಟು ಬನ್ನಿ. ಒಂದು ಪೀಸಿನ ದುಡ್ಡು ಕೊಡಬೇಕಾದೀತು, ಕೊಡಿ. ಕೊಳವೆಯ ಗೋಡೆ ತಗಡಿನ ಹಾಗೆ ತೆಳ್ಳಗಿದ್ದರೂ ಬೇಡ. ಸ್ಕ್ರೂ ಬಿಗಿ ಮಾಡುವಾಗ ಥ್ರೆಡ್ ಸವೆದು ಗಿರ್ರನೆ ತಿರುಗುತ್ತದೆ.

ಇನ್ನೊಂದು ತೊಂದರೆ ನಮ್ಮ ಸಣ್ಣ ಎಳೆಗಳದ್ದು. ಸ್ಕ್ರೂ ತುದಿ ನೇರವಾಗಿ 36 ಎಳೆಯ ಮೇಲೆ ಕೂತರೆ ನಾಲ್ಕೈದು ಎಳೆ ತುಂಡಾಗುತ್ತದೆ, ಉಳಿದವು ಪಕ್ಕಕ್ಕೆ ಜಾರುತ್ತವೆ. ಬಿಗಿಯಾದ ಹಾಗೆ ಕೈಗೆ ಅನ್ನಿಸುತ್ತದೆ, ಹಿಡಿತ ಇರುವುದಿಲ್ಲ. ನಾನು 11 ವರ್ಷದ ಹಿಂದೆ ಮಾಡಿದ್ದು ಇದನ್ನೇ. ತುದಿಗೆ ಫೆರುಲ್ ಹಾಕಿ ಆಮೇಲೆ ಕನೆಕ್ಟರ್‌ಗೆ ತೂರಿಸಬೇಕು. ಫೆರುಲ್ ಅಂದರೆ ತಾಮ್ರದ ಪುಟ್ಟ ಕೊಳವೆ, ತವರದ ಲೇಪ ಇರುತ್ತದೆ. ಎಳೆಗಳನ್ನೆಲ್ಲ ಒಟ್ಟಿಗೆ ಹಿಡಿದು ಒತ್ತಿದರೆ ಒಂದೇ ಕಂಬಿಯ ಹಾಗಾಗುತ್ತದೆ. ಬಣ್ಣ ನೋಡಿ ಫೆರುಲ್ ತರಬೇಡಿ, ಬಣ್ಣದ ಪದ್ಧತಿ ಒಂದಕ್ಕಿಂತ ಜಾಸ್ತಿ ಇದೆ. ಪ್ಯಾಕೆಟ್ಟಿನ ಮೇಲಿನ ನಂಬರ್ ನೋಡಿ.

ಎಳೆಗಳಿಗೆ ಸೀಸ ಹಾಕಿ ಗಟ್ಟಿ ಮಾಡಿ ಸ್ಕ್ರೂ ಕೆಳಗೆ ಕೊಡುವವರೂ ಇದ್ದಾರೆ. ಬೇಡ. ಸೀಸ ಮೆದು. ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಅದುಮಿಕೊಂಡು ಹೋಗಿ ಕೆಲವು ತಿಂಗಳಲ್ಲಿ ಲೂಸ್ ಆಗುತ್ತದೆ.

ಲಿವರ್ ಕನೆಕ್ಟರ್

ಈಗ ನನ್ನ ಬ್ಯಾಗಿನಲ್ಲಿ ಜಾಸ್ತಿ ಇರುವುದು ಇವೇ. ಜನ "ವಾಗೋ" ಅಂತಲೇ ಕೇಳುತ್ತಾರೆ, ಅದು ಜರ್ಮನಿಯ ಕಂಪನಿಯ ಹೆಸರು. ಕಿತ್ತಳೆ ಬಣ್ಣದ ಲಿವರ್, ಪಾರದರ್ಶಕ ಮೈ. ಲಿವರ್ ಎತ್ತಿ, ವೈರು ತೂರಿಸಿ, ಲಿವರ್ ಇಳಿಸಿದರೆ ಒಳಗಿನ ಸ್ಪ್ರಿಂಗ್ ಹಿಡಿದುಕೊಳ್ಳುತ್ತದೆ. ಸ್ಕ್ರೂ ಇಲ್ಲ, ಎಳೆ ಕಡಿಯುವುದಿಲ್ಲ, ಫೆರುಲ್ ಬೇಕಾಗಿಲ್ಲ. ಸ್ಪ್ರಿಂಗ್ ಆದ್ದರಿಂದ ವೈರು ಕಾದು ತಣ್ಣಗಾದರೂ ಒತ್ತಡ ಬಿಡುವುದಿಲ್ಲ.

221 ಅನ್ನುವ ಸರಣಿಯ ಸಾಮಾನ್ಯ ಅಳತೆ ನಾಲ್ಕು ಸ್ಕ್ವೇರ್ ತನಕ ಹಿಡಿಯುತ್ತದೆ, 32 ಆಂಪಿಯರ್‌ಗೆ. ಆರರ ವೈರಿಗೆ ಅದೇ ಸರಣಿಯಲ್ಲಿ ದೊಡ್ಡದು ಬೇರೆ ಇದೆ. ಕನೆಕ್ಟರ್ 32 ಅಂದ ಮಾತ್ರಕ್ಕೆ ಒಂದೂವರೆ ವೈರಿನಲ್ಲಿ 32 ಹರಿಸಬಹುದು ಅಂತಲ್ಲ. ಎಷ್ಟು ಹರಿಯಬಹುದು ಅನ್ನುವುದನ್ನು ವೈರು ಹೇಳಬೇಕು, ಆ ವೈರನ್ನು ಕಾಯಲು ಎಂಸಿಬಿ ಇರಬೇಕು.

ಹಾಕುವಾಗ ಜನ ತಪ್ಪು ಮಾಡುವುದು ಸಿಪ್ಪೆ ತೆಗೆಯುವ ಉದ್ದದಲ್ಲಿ. ಈ ನಾಲ್ಕರ ಅಳತೆಯದ್ದಕ್ಕೆ 11 ಮಿಲಿಮೀಟರ್. ಕನೆಕ್ಟರ್ ಮೈಮೇಲೇ ಗುರುತು ಇದೆ, ವೈರನ್ನು ಪಕ್ಕಕ್ಕೆ ಹಿಡಿದು ಅಳೆದುಕೊಳ್ಳಬಹುದು. ಕಮ್ಮಿ ತೆಗೆದರೆ ಸ್ಪ್ರಿಂಗ್ ಸಿಪ್ಪೆಯನ್ನು ಹಿಡಿಯುತ್ತದೆ, ತಾಮ್ರವನ್ನಲ್ಲ. ಜಾಸ್ತಿ ತೆಗೆದರೆ ತಾಮ್ರ ಹೊರಗೆ ಕಾಣುತ್ತದೆ. ಅಳಿಯ ಮೊದಲ ದಿನ ಹಲ್ಲಿನಲ್ಲಿ ಸಿಪ್ಪೆ ಎಳೆಯಲು ಹೋದ. "ಲೋ, ನಿನ್ನ ಹಲ್ಲಿನ ದುಡ್ಡಲ್ಲಿ ಎಷ್ಟು ಸ್ಟ್ರಿಪ್ಪರ್ ಬರ್ತವೆ ಗೊತ್ತಾ?" ಅಂದೆ. ಎಳೆಗಳನ್ನು ಜಾಸ್ತಿ ತಿರುಚಬೇಡಿ, ನೇರ ಮಾಡಿ ತೂರಿಸಿ. ಪಾರದರ್ಶಕ ಮೈಯಿಂದ ತಾಮ್ರ ಕೊನೆ ಮುಟ್ಟಿದ್ದು ಕಾಣಬೇಕು. ಆಮೇಲೆ ಒಂದೊಂದೇ ವೈರನ್ನು ಹಿಡಿದು ಎಳೆದು ನೋಡಿ. ಒಂದು ತೂತಿಗೆ ಒಂದೇ ವೈರು. ಮೂರು ವೈರಿದ್ದರೆ ಮೂರು ತೂತಿನದ್ದು, ನಾಲ್ಕಿದ್ದರೆ ಐದರದ್ದು ತನ್ನಿ.

ಇವು ನಿಜಕ್ಕೂ ಉಪಯೋಗಕ್ಕೆ ಬರುವುದು ಫಾಲ್ಸ್ ಸೀಲಿಂಗ್‌ನಲ್ಲಿ. ಒಂದು ಹಾಲ್‌ನಲ್ಲಿ ಎಂಟು ಹತ್ತು ಎಲ್‌ಇಡಿ ಪ್ಯಾನೆಲ್. ಪ್ರತಿಯೊಂದರ ಡ್ರೈವರ್‌ನಿಂದ ಬರುವ ವೈರು ಕೂದಲಿನಷ್ಟು ಸಣ್ಣದು, ನಮ್ಮದು ಒಂದೂವರೆ. ಸಣ್ಣದನ್ನು ದಪ್ಪದಕ್ಕೆ ತಿರುಚಿದರೆ ದಪ್ಪದ್ದು ನೇರ ನಿಲ್ಲುತ್ತದೆ, ಸಣ್ಣದು ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತದೆ, ಎಳೆದರೆ ಜಾರುತ್ತದೆ. ಲಿವರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ತೂತು. ಪ್ಯಾನೆಲ್ ಕೆಟ್ಟರೆ ಲಿವರ್ ಎತ್ತಿ ಬಿಡಿಸಬಹುದು.

ಬೆಲೆ ಜಾಸ್ತಿ ಅನ್ನುತ್ತಾರೆ. ಒಂದಕ್ಕೆ ಒಂದು ಮಸಾಲೆ ದೋಸೆಯಷ್ಟೂ ಆಗುವುದಿಲ್ಲ. ನಕಲಿ ಬೇಕಾದಷ್ಟಿವೆ. ಲಿವರ್ ಬೆರಳಿಗೆ ಸಡಿಲ ಅನ್ನಿಸಿದರೆ, ಮೈಮೇಲೆ ಆಂಪಿಯರ್, ವೋಲ್ಟ್, ವೈರಿನ ಅಳತೆ ಅಚ್ಚಾಗಿರದಿದ್ದರೆ ಬಿಟ್ಟುಬಿಡಿ.

ತಿಂಬಲ್, ಅಂದರೆ ಲಗ್

ಸಾಕೆಟ್, ಎಂಸಿಬಿ, ಡಿಬಿಯ ನ್ಯೂಟ್ರಲ್ ಬಾರ್, ಅರ್ಥ್ ಬೋಲ್ಟ್, ಇಲ್ಲೆಲ್ಲ ವೈರು ವೈರಿಗೆ ಸೇರುವುದಿಲ್ಲ, ಸ್ಕ್ರೂಗೆ ಸೇರುತ್ತದೆ. ಲಗ್ ಅಂದರೆ ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು. ಬೋಲ್ಟಿಗೆ ಉಂಗುರದ ಲಗ್, ತೂತಿಗೆ ಪಿನ್ ಲಗ್ ಅಥವಾ ಫೆರುಲ್. ಪ್ಲಾಸ್ಟಿಕ್ ಕತ್ತಿನ ಲಗ್‌ಗಳಲ್ಲಿ ಕೆಂಪು ಒಂದೂವರೆ ತನಕ, ನೀಲಿ ಎರಡೂವರೆ ತನಕ, ಹಳದಿ ನಾಲ್ಕರಿಂದ ಆರಕ್ಕೆ. ಲಗ್‌ಗಿಂತ ಮುಖ್ಯ ಒತ್ತುವ ಸಾಧನ. ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜಿದರೆ ಅದು ಕ್ರಿಂಪಿಂಗ್ ಅಲ್ಲ. ಪೂರ್ತಿ ಒತ್ತುವ ತನಕ ಬಾಯಿ ಬಿಡದ ರಾಚೆಟ್ ಕ್ರಿಂಪರ್ ಬೇಕು. ನಿಮ್ಮ ಮನೆಗೆ ಬರುವವರ ಬ್ಯಾಗಿನಲ್ಲಿ ಅದು ಇದೆಯಾ ಅಂತ ಕೇಳಿ, ಸಂಕೋಚ ಬೇಡ.

ಹಳೆ ಮನೆ, ಅಲ್ಯೂಮಿನಿಯಂ

ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು, ಮೈಸೂರಿನ ಬೀದಿಗೆ ಬಂದದ್ದು 1908ರಲ್ಲಿ. ಹಾಗಾಗಿ ಮೈಸೂರಿನ ಅಗ್ರಹಾರ, ಚಾಮರಾಜಪುರಂ ಕಡೆಯ ಹಳೆ ಮನೆಗಳಲ್ಲಿ ಎಲ್ಲಾ ಕಾಲದ ವೈರಿಂಗೂ ಸಿಗುತ್ತದೆ. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದದ್ದು, ಕೇಸಿಂಗ್, ಪೈಪು. ಅದರೊಳಗೆ ಅಲ್ಯೂಮಿನಿಯಂ ವೈರು ಸಿಕ್ಕರೆ ಹುಷಾರು.

ಅಲ್ಯೂಮಿನಿಯಂ ಮೇಲೆ ಗಾಳಿಗೆ ಒಂದು ಪೊರೆ ಕಟ್ಟುತ್ತದೆ, ಆ ಪೊರೆ ಕರೆಂಟ್ ಬಿಡುವುದಿಲ್ಲ. ಒತ್ತಿದರೆ ಮೆದುವಾಗಿ ಹರಡಿಕೊಳ್ಳುತ್ತದೆ. ತಾಮ್ರಕ್ಕೆ ನೇರ ತಿರುಚಿ ಕಟ್ಟಿದರೆ ಸ್ವಲ್ಪ ತೇವ ಸಾಕು, ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿ ಆಗುತ್ತದೆ. ಎರಡನ್ನೂ ಸೇರಿಸಲು ಅಂತಲೇ ಬೈಮೆಟಲ್ ಲಗ್ ಬರುತ್ತದೆ. ಮೇಲೆ ಹೇಳಿದ ಸಾಮಾನ್ಯ ಕನೆಕ್ಟರ್ ಹಾಕಬೇಡಿ. ನನ್ನನ್ನು ಕೇಳಿದರೆ ಆ ಲೈನನ್ನೇ ಬದಲಾಯಿಸಿ.

ಹೊರಗಡೆ

ಗೇಟ್ ಲೈಟು, ಸಂಪಿನ ಮೋಟರು, ಟೆರೇಸ್. ಲಿವರ್ ಕನೆಕ್ಟರ್‌ಗೆ ನೀರು ತಡೆಯುವ ಶಕ್ತಿ ಇಲ್ಲ. ದೂಳು, ಮಳೆನೀರು ಒಳಗೆ ಬಿಡದ ಐಪಿ 65 ಬಾಕ್ಸಿನೊಳಗೆ ಹಾಕಿ. ಕೇಬಲ್ ಒಳಗೆ ಹೋಗುವ ಜಾಗಕ್ಕೆ ಗ್ಲ್ಯಾಂಡ್, ಅಂದರೆ ಕೇಬಲ್ ಸುತ್ತ ಬಿಗಿಯಾಗಿ ಕೂರುವ ಬಿರಡೆ ಬೇಕು, ಅದನ್ನು ಆರಿಸುವುದು ಕೇಬಲ್ಲಿನ ಹೊರಗಿನ ದಪ್ಪ ನೋಡಿ. ಪಿಜಿ 9 ಅಂದರೆ ಸುಮಾರು 4ರಿಂದ 8 ಮಿಲಿಮೀಟರ್ ದಪ್ಪಕ್ಕೆ. ದೊಡ್ಡ ಗ್ಲ್ಯಾಂಡ್ ತಂದು ಟೇಪ್ ಸುತ್ತಿ ತುಂಬಿಸಿದರೆ ಇರುವೆ ಗೂಡು ಕಟ್ಟುತ್ತವೆ. ಕೇಬಲ್ ಕೆಳಗಿನಿಂದಲೇ ಒಳಗೆ ಹೋಗಲಿ. ಬೋರ್‌ವೆಲ್ ಒಳಗಿನ ಕೇಬಲ್ ಜಾಯಿಂಟ್ ಬೇರೆಯೇ ಕೆಲಸ, ಅದನ್ನು ಮೋಟರ್ ಇಳಿಸುವವರಿಗೆ ಬಿಡಿ.

ಕೈ ಹಾಕುವ ಮುಂಚೆ, ಹಾಕಿದ ಮೇಲೆ

ಮೈನ್ ಇಳಿಸಿದರೆ ಮನೆಯಲ್ಲಿ ಕರೆಂಟ್ ಇಲ್ಲ ಅಂತ ನಂಬಬೇಡಿ. ಯುಪಿಎಸ್ ಇರುವ ಮನೆಯಲ್ಲಿ ಮೈನ್ ಇಳಿಸಿದ ತಕ್ಷಣ ಅದು ಎದ್ದು ಲೈಟಿನ ಲೈನಿಗೆ 230 ವೋಲ್ಟ್ ಕೊಡುತ್ತದೆ. ಯುಪಿಎಸ್ ಆಫ್ ಮಾಡಿ, ಅದರ ಪ್ಲಗ್ಗನ್ನೂ ಕಿತ್ತಿಡಿ. ಆಮೇಲೂ ಬಲ್ಬ್ ಹೋಲ್ಡರ್‌ಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್ ಇಟ್ಟು ನೋಡಿ. ಆ ಲ್ಯಾಂಪ್ ಹತ್ತುತ್ತದೆ ಅನ್ನುವುದನ್ನು ಮೊದಲು ಕರೆಂಟ್ ಇರುವ ಕಡೆ ನೋಡಿಕೊಂಡು ಬನ್ನಿ. ಟೆಸ್ಟರ್ ಒಂದನ್ನೇ ನಂಬಿ ನಾನು ಏಣಿಯಿಂದ ಬಿದ್ದಿದ್ದೇನೆ. ಡಿಬಿ ಒಳಗಿನ ಕೆಲಸ, ಹೊಸ ಲೈನು, ಅಲ್ಯೂಮಿನಿಯಂ, ಇವಕ್ಕೆ ಪರ್ಮಿಟ್ ಇರುವವರನ್ನೇ ಕರೆಯಿರಿ.

ಮಿಸ್ ಮನೆಯಲ್ಲಿ ಹೊಸ ಸಾಕೆಟ್ ಹಾಕಿ, ತುದಿಗಳಿಗೆ ಪಿನ್ ಲಗ್ ಒತ್ತಿ, ಸ್ಕ್ರೂ ಬಿಗಿ ಮಾಡಿದೆ. ವೈರನ್ನು ಒಮ್ಮೆ ಅಲ್ಲಾಡಿಸಿ ಮತ್ತೆ ಬಿಗಿ ಮಾಡಿದೆ. ಆಗಲೂ ಕಾಲು ಸುತ್ತು ತಿರುಗಿತು. ಪ್ಲೇಟ್ ಹಾಕಿ ಗೀಸರ್ ಆನ್ ಮಾಡಿ ಇಪ್ಪತ್ತು ನಿಮಿಷ ಕಾದೆವು. ಅಷ್ಟರಲ್ಲಿ ಮಿಸ್ ಕಾಫಿ ಕೊಟ್ಟರು. ಮೈನ್ ಇಳಿಸಿ, ಪ್ಲೇಟ್ ಬಿಚ್ಚಿ, ಲ್ಯಾಂಪ್ ಇಟ್ಟು ನೋಡಿ, ಒಂದೊಂದು ಸ್ಕ್ರೂ ಮೇಲೂ ಬೆರಳಿಟ್ಟೆ. ಬೆಚ್ಚಗೂ ಇರಲಿಲ್ಲ. ಪ್ಲೇಟಿನ ಹಿಂದೆ ಮಾರ್ಕರ್‌ನಲ್ಲಿ ತಾರೀಖು ಬರೆದು, "ಜಾಯಿಂಟ್ ಇಲ್ಲ" ಅಂತ ಅಳಿಯನ ಕೈಯಲ್ಲಿ ಬರೆಸಿ ಮುಚ್ಚಿದೆ. ಕೂಲಿ ತೆಗೆದುಕೊಳ್ಳಲಿಲ್ಲ. ಸಾಕೆಟ್ಟಿನ ದುಡ್ಡು ಮಾತ್ರ ಬೇಡ ಅಂದರೂ ಕೈಗೆ ತುರುಕಿದರು.

"ಈಗ ಮೇಲಿನ ಮನೆಯವರಿಗೆ ಏನಪ್ಪಾ ಹೇಳ್ಲಿ?" ಅಂತ ಕೇಳಿದರು. ಅದಕ್ಕೆ ನನ್ನ ಹತ್ರ ಯಾವ ಕನೆಕ್ಟರೂ ಇರಲಿಲ್ಲ.